ಅಕ್ಕನ ರೇಸ್ ಬಂಡಿ ತಿರುಗದ ದಿನ

ಕಳೆದ ಭಾನುವಾರ ನಮ್ಮ ಅಕ್ಕ ರೇಸ್ ಬಂಡಿ ಹತ್ತಿದಳು. ವಯಸ್ಸು ಅರವತ್ತು. ತಲೆಗೆ ಹೆಲ್ಮೆಟ್, ಮೈಗೆ ಸ್ವೆಟರ್, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿದ್ದಳು.

(ಟಿವಿಯಲ್ಲಿ ಕಾಣುವ ಕಾರು ನೆನೆಸಿಕೊಳ್ಳಬೇಡಿ. ನಾಲ್ಕು ಸಣ್ಣ ಚಕ್ರ, ಕೂರಲು ಹಲಗೆ, ಹಿಂದೆ ತೋಟಕ್ಕೆ ಮದ್ದು ಹೊಡೆಯುವ ಮೆಷಿನ್ನಿನ ಎಂಜಿನ್. ಅಷ್ಟೇ.)

ಈ ಬಂಡಿಯನ್ನು ಅವಳು ಮೊದಲು ಕಟ್ಟಿದ್ದು ಹದಿನಾರನೇ ವಯಸ್ಸಿನಲ್ಲಿ. ಕೋತಗಿರಿ ಹತ್ತಿರದ ನಮ್ಮ ಹಟ್ಟಿಯಲ್ಲಿ, ಚಹಾ ಸೊಪ್ಪು ಹಾಕುವ ಶೆಡ್ಡಿನಲ್ಲಿ. ಆಗ ನನಗೆ ಹನ್ನೊಂದು. ಸ್ಪ್ಯಾನರ್ ಹಿಡಿದು ನಿಲ್ಲುವುದು ನನ್ನ ಕೆಲಸ. ಪೆಟ್ರೋಲ್ ವಾಸನೆ, ಹಸಿ ಸೊಪ್ಪಿನ ವಾಸನೆ ಎರಡೂ ಸೇರಿ ಬರುತ್ತಿದ್ದ ಆ ಶೆಡ್ಡನ್ನು ನೆನೆದರೆ ಈಗಲೂ ನನಗೆ ಹಸಿವಾಗುತ್ತದೆ. ಯಾಕೋ ಗೊತ್ತಿಲ್ಲ.

ಬಂಡಿ ಓಡಿತು. ಸರಿಯಾಗಿ ತಿರುಗಲಿಲ್ಲ.

ಮುಂದಿನ ಎರಡು ಚಕ್ರಗಳೂ ಒಂದೇ ಅಡ್ಡ ಹಲಗೆಗೆ ಇದ್ದವು. ನಡುವೆ ಒಂದು ಬೋಲ್ಟ್. ಹಲಗೆಯ ಎರಡು ತುದಿಗೆ ಹಗ್ಗ. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ಜಾಸ್ತಿ ಎಳೆದರೆ? ಮಗುಚುತ್ತಿತ್ತು. ಅಕ್ಕ ಎರಡು ಕಡೆಯೂ ಒಂದೊಂದು ಮರದ ತುಂಡು ಬಡಿದಳು. ಹಲಗೆ ಅದಕ್ಕಿಂತ ಹೆಚ್ಚು ತಿರುಗುವಂತಿಲ್ಲ. ಮಗುಚುವುದು ನಿಂತಿತು, ಆದರೆ ಬಂಡಿ ತಿರುಗಲು ಲಾರಿಗೆ ಬೇಕಾಗುವಷ್ಟು ಜಾಗ ಬೇಕಾಯಿತು! ಆಮೇಲೆ ಆ ತುಂಡುಗಳನ್ನು ದಿನಾ ಸಂಜೆ ಉಳಿಯಿಂದ ಒಂಚೂರು ಒಂಚೂರೇ ಕೆತ್ತಿದಳು. ಕೊನೆಗೆ ಫ್ಯಾಕ್ಟರಿ ರಸ್ತೆಯ ದೊಡ್ಡ ತಿರುವನ್ನು ಅವಳೇ ಓಡಿಸಿ ದಾಟಿದಳು. ಒಂದಲ್ಲ, ಹತ್ತು ಸಲ.

‘ನನಗೂ ಕೊಡು’ ಎಂದು ನಾನು ಅತ್ತೆ. ಕೊಟ್ಟಳು.

ತಿರುವು ಇನ್ನೂ ಸ್ವಲ್ಪ ದೂರ ಇರುವಾಗಲೇ ಸೊಪ್ಪಿನ ಮೂಟೆ ಹೊತ್ತ ಹೆಂಗಸೊಬ್ಬಳು ಎದುರಿಗೆ ಬಂದಳು. ನಾನು ಹಗ್ಗ ಬಿಟ್ಟು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡೆ. ಅವಳು ಹೇಗೋ ಪಕ್ಕಕ್ಕೆ ಹಾರಿದಳು. ಬಂಡಿ ನೇರ ಚಹಾ ಗಿಡಗಳ ಮೇಲೆ ಇಳಿಯಿತು. ನನ್ನ ಭುಜದ ಮೂಳೆ ಮುರಿಯಿತು.

ಅಪ್ಪ ಕೇಳಿದ, ‘ಏನಾತು?’

‘ಹಗ್ಗ ಎಳೆದೆ ಅಪ್ಪ. ಬಂಡಿ ತಿರುಗಲೇ ಇಲ್ಲ’ ಅಂದೆ.

ಹೆದರಿಕೆ ಸ್ವಾಮಿ. ಮತ್ತೇನೂ ಅಲ್ಲ.

ಅಪ್ಪ ಅಂದೇ ಎಂಜಿನ್ ಬಿಚ್ಚಿಸಿದ. ಅಕ್ಕ ಊಟಿಯ ಪಾಲಿಟೆಕ್ನಿಕ್‌ಗೆ ಅರ್ಜಿ ತುಂಬಿಟ್ಟಿದ್ದಳು. ‘ನಿನ್ನ ಮೆಷಿನ್ ಹುಚ್ಚಿಗೆ ಇವಳ ಪ್ರಾಣ ಹೋಗುತ್ತಿತ್ತು’ ಎಂದು ಆ ಅರ್ಜಿಯನ್ನು ಒಲೆಗೆ ಹಾಕಿದ. ಅಕ್ಕ ಪಾಲಿಟೆಕ್ನಿಕ್ ಬಿಟ್ಟಳು. ಗಣಿತ ಓದಿದಳು, ಟೀಚರ್ ಆದಳು, ಗೂಡಲೂರಿನಲ್ಲಿ ಪಾಠ ಮಾಡಿ ಈಗ ರಿಟೈರ್ ಆದಳು. ಅಷ್ಟು ವರ್ಷ ಸ್ಪ್ಯಾನರ್ ಮುಟ್ಟಿದ್ದನ್ನು ನಾನು ಕಾಣೆ.

ಹೋದ ತಿಂಗಳು ಬಂದವಳೇ ನಮ್ಮ ಶೆಡ್ಡಿನ ಮೂಲೆಯಿಂದ ಆ ಬಂಡಿ ಎಳೆದಳು. ವೆಲ್ಡಿಂಗ್ ಶಾಪಿನ ಮಣಿ, ‘ಏನಕ್ಕಾ, ಈ ವಯಸ್ಸುಲ ರೇಸಾ?’ ಎಂದು ನಕ್ಕ. ಅವಳು ಚಾಕ್‌ಪೀಸಿನಲ್ಲಿ ಅವನ ಅಂಗಡಿಯ ನೆಲದ ಮೇಲೇ ಪಾಠ ಶುರು ಮಾಡಿದಳು. ಅಡ್ಡ ಹಲಗೆ ಬೇಡ. ಪ್ರತಿ ಚಕ್ರಕ್ಕೂ ಅದರದೇ ಬೋಲ್ಟ್, ಎರಡನ್ನೂ ಸೇರಿಸಲು ಒಂದು ಸರಳು, ಹಗ್ಗದ ಬದಲು ಹಳೇ ಸ್ಕೂಟರಿನ ಹ್ಯಾಂಡಲ್. ಮೊದಲ ದಿನ ಚಕ್ರಗಳು ನೆಲಕ್ಕೆ ಉಜ್ಜಿ ಕಿರುಚಿದವು.

‘ಒಳಗಿನ ಚಕ್ರ ಸಣ್ಣ ಸುತ್ತು ಹಾಕುತ್ತೆ. ಅದು ಜಾಸ್ತಿ ತಿರುಗಬೇಕು, ಹೊರಗಿಂದು ಕಮ್ಮಿ’ ಎಂದು ಸರಳನ್ನು ಚಕ್ರಕ್ಕೆ ಸೇರಿಸುವ ಕಬ್ಬಿಣದ ತೋಳುಗಳನ್ನು ಒಳಕ್ಕೆ ಬಗ್ಗಿಸಿದಳು. ಮದ್ದಿನ ಮೆಷಿನ್ನಿನ ಇನ್ನೊಂದು ಎಂಜಿನ್ ಕೂರಿಸಿ, ತಿರುಗುವಾಗ ತೊಡಕಾಗದಿರಲಿ ಎಂದು ಅದರ ಬಲ ಹಿಂದಿನ ಒಂದೇ ಚಕ್ರಕ್ಕೆ ಹೋಗುವಂತೆ ಮಾಡಿದಳು. ಭಾನುವಾರ ಬಂಡಿ ನಮ್ಮ ಅಂಗಳದೊಳಗೇ ಪೂರ್ತಿ ಒಂದು ಸುತ್ತು ಹೊಡೆಯಿತು. ನಾನು ಚಪ್ಪಾಳೆ ತಟ್ಟಿದೆ.

ಅಕ್ಕ ನಗಲಿಲ್ಲ. ‘ಆವತ್ತು ಇದು ಗೊತ್ತಿದ್ದಿದ್ರೆ ನಿನ್ನ ಭುಜ ಮುರೀತಿರಲಿಲ್ಲ. ಆ ಮರದ ತುಂಡು ಇನ್ನೊಂಚೂರು ಕೆತ್ತಬೇಕಿತ್ತು. ಎಷ್ಟು ಸಲ ಲೆಕ್ಕ ಹಾಕಿದೀನಿ ಗೊತ್ತಾ?’ ಅಂದಳು.

ಎಷ್ಟು ಸಲ! ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

‘ಅಕ್ಕ, ನಾ ಹಗ್ಗ ಬುಟ್ಟುಬುಟ್ಟೆ.’

ಎಂಜಿನ್ ಆಫ್ ಮಾಡಿದಳು. ‘ಯಾವಾಗ?’

‘ತಿರುವಿಗೆ ಮುಂಚೆ. ಸಿಲ್ವರ್ ಓಕ್ ಮರದ ಹತ್ರ.’

ಎದ್ದು ಫ್ಯಾಕ್ಟರಿ ರಸ್ತೆಯ ಕಡೆ ನಡೆದಳು. ಹೆಲ್ಮೆಟ್ ತಲೆಯಲ್ಲೇ ಇತ್ತು. ಹಿಂದೆ ನಾನು. ಮರದಿಂದ ತಿರುವಿನ ಅಂಚಿನವರೆಗೆ ಹೆಜ್ಜೆ ಎಣಿಸಿದಳು. ಮತ್ತೆ ವಾಪಸ್ ಬಂದು ಎಣಿಸಿದಳು.

‘ತಿರುಗ್ತಿತ್ತು’ ಅಂದಳು. ‘ಹಗ್ಗ ಹಿಡಿದಿದ್ರೆ ತಿರುಗ್ತಿತ್ತು ಕಣೇ.’

ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತಳು. ಅಪ್ಪ ಅರ್ಜಿ ಸುಟ್ಟ ದಿನ ಅಳದಿದ್ದವಳು. ನಾನು ಕೈ ಹಿಡಿಯಲು ಹೋದೆ, ಬಿಡಿಸಿಕೊಂಡಳು. ಊಟ ಮಾಡದೆ ಗೂಡಲೂರಿಗೆ ಹೊರಟುಹೋದಳು. ಮೂರು ದಿನ ಫೋನ್ ಎತ್ತಲಿಲ್ಲ.

ನಾಲ್ಕನೇ ದಿನ ಅವಳೇ ಮಾಡಿದಳು. ‘ಬ್ರೇಕ್ ಸರಿಯಿಲ್ಲ. ಶನಿವಾರ ಬರ್ತೀನಿ. ಮಣಿಗೆ ಹೇಳಿಡು.’ ಅಷ್ಟೇ ಹೇಳಿ ಇಟ್ಟಳು. ಕ್ಷಮಿಸಿದ್ದಾಳಾ? ಕೇಳುವ ಧೈರ್ಯ ನನಗಿಲ್ಲ.

ಹನ್ನೊಂದನೇ ವಯಸ್ಸಿನಲ್ಲಿ ಹೇಳಿದ ಸುಳ್ಳನ್ನು ಹೆದರಿಕೆ ಅನ್ನಬಹುದು, ಐವತ್ತೈದರವರೆಗೂ ಸುಮ್ಮನಿದ್ದದ್ದನ್ನು ಏನನ್ನೋಣ?