ಮೆಣಸೆಯ ಮುಯ್ಯಾಳು

"ಸಿರಿಮನೆ ಜಲಪಾತಕ್ಕೆ ಇದೇ ದಾರಿಯಾ?" ಎಂದು ನಾನು ಕಾರಿಳಿದು ಕೇಳಿದಾಗ, ಮೊಣಕೈವರೆಗೂ ಮಣ್ಣು ಮೆತ್ತಿಕೊಂಡಿದ್ದ ಕಾಲೇಜು ಹುಡುಗಿ ನಕ್ಕಳು. "ಇದು ಮೆಣಸೆ ಮೇಡಂ. ನೀವು ಕಿಗ್ಗದ ಕಡೆ ಹೋಗ್ಬೇಕಿತ್ತು." ಪಾಪ, ರಸ್ತೆಯವರೆಗೂ ಬಂದು ತಿರುವು ತೋರಿಸಿದಳು.

ಹೆಸರು ಚೈತ್ರ. ಕೊಪ್ಪದಿಂದ ಎನ್ನೆಸ್ಸೆಸ್ ಶಿಬಿರಕ್ಕೆ ಬಂದವಳು. ತೋಟದ ಕೆಲಸದ ಚಂದ್ರಮ್ಮ ಬಾವಿಯ ಇಳಿಜಾರಿನಲ್ಲಿ ಕೊಡ ಹೊತ್ತು ಎರಡು ಸಲ ಜಾರಿ ಬಿದ್ದಿದ್ದರಂತೆ. ಅಲ್ಲಿ ಮೆಟ್ಟಿಲು ಮಾಡಬೇಕಿತ್ತು. ಶಿಬಿರಕ್ಕೆ ಅದೇ ಕಡೆಯ ದಿನ. ಮಾತಾಡುತ್ತಾ ನಾನೂ ಅವಳ ಜೊತೆ ಬಾವಿಯ ಹತ್ತಿರ ಹೋದೆ. ಆದರೆ ಅಲ್ಲಿ ಚಂದ್ರಮ್ಮ ಗುದ್ದಲಿ ಕಿತ್ತುಕೊಂಡು ನಿಂತಿದ್ದರು.

"ಪುಕ್ಕಟೆ ಕೆಲಸ ಬೇಡ ಮಾರಾಯ್ತಿ. ನಿನ್ನ ಕಾಲೇಜಿಗೆ ಬಂದು ನಾನು ಎಂತ ಮುಯ್ಯಿ ತೀರಿಸ್ಲಿ?"

ನಮ್ಮ ಮನೆಗೆ ಬಂದು ದುಡಿದವರ ಮನೆಗೆ ನಾವೂ ಹೋಗಿ ದುಡಿಯಬೇಕು. ಅದು ಇಲ್ಲಿನ ಮುಯ್ಯಾಳು ಪದ್ಧತಿ.

ಚೈತ್ರ ಅಂಗೈ ಚಾಚಿದಳು. "ನೋಡಿ, ಹೇಗೆ ಬೊಬ್ಬೆ ಬಂದಿದೆ. ನಂಗೆ ಗುದ್ದಲಿ ಹಿಡಿಯೋಕೇ ಬರಲ್ಲ ಚಂದ್ರಕ್ಕ. ಕಲಿಸಿಕೊಡಿ, ಅದೇ ಮುಯ್ಯಿ."

"ಇಷ್ಟು ವರ್ಷ ಓದಿದ್ದು ಎಂತದು ಹಾಗಾದ್ರೆ?" ಎಂದು ಬೈಯುತ್ತಲೇ ಚಂದ್ರಮ್ಮ ಅವಳ ಹಿಂದೆ ನಿಂತು ಕೈ ಹಿಡಿದು ತಿದ್ದಿದರು. ಏಟು ನೆಟ್ಟಗೆ ಬಿದ್ದಾಗ ಆ ಹುಡುಗಿ ಪರೀಕ್ಷೆ ಪಾಸಾದವಳಂತೆ ಕೂಗಿದಳು.

ನಾನು ಮೆಲ್ಲನೆ ಕಾರಿನತ್ತ ಹೊರಟೆ.

"ನೀವೆಲ್ಲಿಗೆ ಅಮ್ಮ? ಅವಳ ಕೆಲಸ ಬಿಡಿಸಿ ದಾರಿ ಕೇಳಿದ್ರಲ್ಲ, ಅದರ ಮುಯ್ಯಿ ಎಲ್ಲಿ!" ಎಂದರು ಚಂದ್ರಮ್ಮ.

ಜಲಪಾತ ಎಲ್ಲೂ ಓಡಿಹೋಗುವುದಿಲ್ಲ ಎಂದುಕೊಂಡು ಬುಟ್ಟಿಯಲ್ಲಿ ಕಲ್ಲು ಹೊತ್ತೆ. ಸಂಜೆ ಕೊನೆಯ ಮೆಟ್ಟಿಲು ಕೂತಾಗ ಚಂದ್ರಮ್ಮ ಅದರ ಮೇಲೆ ನಿಂತು ನೋಡಿ, "ನಿಮ್ಮದು ಚುಕ್ತಾ" ಅಂದರು. ನನ್ನ ಸೊಂಟ ಮಾತ್ರ ಇನ್ನೂ ಒಪ್ಪಿಲ್ಲ.