ನೀರು ತೊಳೆಯುವ ಮಡಿವಾಳೆಪ್ಪ

ರಾಮದುರ್ಗದ ಆ ಈಜುಕೊಳಕ್ಕೆ ಹನ್ನೊಂದು ವರ್ಷಗಳಿಂದ ಮಡಿವಾಳೆಪ್ಪನೇ ಸೇನಾಪತಿ. ಆಯುಧ ನಟ್ಟು ಬಿಗಿಯುವ ಒಂದು ಪಾನಾ, ಕೋಟೆ ಒಂದು ಪಂಪ್‌ಮನೆ, ಆನೆ ಒಂದು ಫಿಲ್ಟರ್. ಹೊಟ್ಟೆ ತುಂಬ ಉಸುಕು ತಿಂದು ಕುಳಿತ ಆ ನೀಲಿ ಡ್ರಮ್ಮಿಗೆ ಕೊಳದ ನೀರು ಮೇಲಿನಿಂದ ಹೊಕ್ಕು, ಕೊಳೆಯನ್ನು ಉಸುಕಿಗೆ ಒಪ್ಪಿಸಿ, ಕೆಳಗಿನಿಂದ ತಿಳಿಯಾಗಿ ಹೊರಬೀಳುತ್ತಿತ್ತು. ಆನೆಗೆ ಅಜೀರ್ಣವಾದರೆ ಗೇಜಿನ ಮುಳ್ಳು ಏರುವುದು. ಆಗ ಮಡಿವಾಳೆಪ್ಪ ಹಿಡಿಕೆ ತಿರುಗಿಸಿ, ನೀರನ್ನು ಉಲ್ಟಾ ಹಾಯಿಸಿ, ಕೊಳೆಯೆಲ್ಲ ಚರಂಡಿ ಸೇರುವತನಕ ಗಾಜಿನ ಕಿಂಡಿಯನ್ನೇ ನೋಡುತ್ತ ನಿಲ್ಲುವನು.

"ಮನ್ಯಾಗ ಒಂದ್ ಚರಿಗಿ ತೊಳದಾಂವಲ್ಲ, ಅಲ್ಲಿ ಹೋಗಿ ನೀರ್ ತೊಳೀತಾನಂತ!" ಎಂದು ಹೆಂಡತಿ ಸಿದ್ದಲಿಂಗವ್ವ ಓಣಿಗೆಲ್ಲ ಹೇಳಿ ನಗುತ್ತಿದ್ದಳು.

ಅವನದೊಂದು ಶಾಸನವಿತ್ತು. ದಿನಾ ಬೆಳಿಗ್ಗೆ ಗೇಟಿನ ಕೀಲಿಕೈಯನ್ನು ದಾರ ಕಟ್ಟಿ ಆಳದ ಕಡೆ ಇಳಿಬಿಡುತ್ತಿದ್ದ. ತಳದಲ್ಲಿ ಅದರ ಹಲ್ಲು ಕಂಡರೆ ಮೇಲಕ್ಕೆಳೆದು ಗೇಟು ತೆಗೆಯುವುದು, ಕಾಣದಿದ್ದರೆ ಇಲ್ಲ. ಕೀಲಿಕೈ ಕಾಣದ ನೀರಿನಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ ಎಂಬುದು ಅವನ ಲೆಕ್ಕ.

ಈ ಸಲ ಫಿಲ್ಟರಿನ ಉಸುಕು ಸವೆದಿತ್ತು. "ಫಿಲ್ಟರಿಗೆ ಉಸುಕು, ಆರು ಚೀಲ" ಎಂದು ಕಾರ್ಯದರ್ಶಿ ಗೌರೀಶರಿಗೆ ಚೀಟಿ ಬರೆದುಕೊಟ್ಟು ಮಡಿವಾಳೆಪ್ಪ ಮುರಗೋಡಕ್ಕೆ ಸೋದರಳಿಯನ ಮದುವೆಗೆ ಹೋದ. ಮೂರನೆಯ ದಿನ ಬಂದು ನೋಡಿದರೆ ಕೊಳದ ತುಂಬ ಚಹಾ! ಅದೂ ಹಾಲು ಹಾಕಿದ್ದು.

ಬೋರ್ಡಿನ ಮೇಲೆ ಗೌರೀಶರದೊಂದು ನೋಟೀಸು: "ಮಡಿವಾಳೆಪ್ಪನವರ ನಿರ್ಲಕ್ಷ್ಯದಿಂದ ನೀರು ಕೆಟ್ಟಿರುತ್ತದೆ."

ಮಡಿವಾಳೆಪ್ಪನ ಮೀಸೆ ನೆಟ್ಟಗಾಯಿತು. ಪಾನಾ ಹಿಡಿದೇ ಗೌರೀಶರ ಕೋಣೆಗೆ ನುಗ್ಗಿದ.

"ಸಾಹೇಬ್ರ, ಫಿಲ್ಟರಿಗೆ ಏನ್ ತುಂಬಸೀರಿ?"

"ಉಸುಕು. ನೀವ ಬರದೀರಲ್ಲ!" ಗೌರೀಶರು ಚೀಟಿ ಬೀಸಿದರು. "ಗೌಂಡಿಗಳನ್ನ ಕರಸಿ ಹೊಳಿ ಉಸುಕ ತುಂಬಸೇನಿ. ಮಲಪ್ರಭಾ ದಂಡಿಮ್ಯಾಲ ಕುಂತು ಹೊರಗಿಂದ ಉಸುಕು ತರಸೂದಂದ್ರ ನಮ್ಮ ಹೊಳಿಗೇ ಅವಮಾನ!"

"ಹೊಳಿ ಉಸುಕು ಗ್ವಾಡಿಗೆ ಛಲೋರಿ. ಇದಕ್ಕ ರವಾ ಇದ್ದಂಗ ಒಂದ ಸಮ ಇರೂ ಬಿಳಿ ಹರಳು ಬೇಕು. ಈಗ ಉಸುಕಿನ ರಾಡಿ ನೀರಾಗ ಬರಾಕ್ಹತ್ತೈತಿ. ನಿರ್ಲಕ್ಷ್ಯ ಮಾಡಿದಾಂವ ನಾನಾ?"

"ಈಗ ವಾದ ಬ್ಯಾಡ. ನಾಳೆ ಸ್ಪರ್ಧಾ ಐತಿ, ಗೇಟ್ ತಗೀರಿ. ಹುಡುಗ್ರು ನೀರ್ ಕುಡ್ಯಾಕ ಬರಂಗಿಲ್ಲ, ಈಸಾಕ ಬರ್ತಾರ."

ಮಡಿವಾಳೆಪ್ಪ ಗೇಟಿನ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು ಹೊರಬಿದ್ದ.

ಮರುದಿನ ಗೇಟಿನಾಚೆ ಮಕ್ಕಳು, ಅವರ ಅಪ್ಪ ಅವ್ವಂದಿರು ಕಿಕ್ಕಿರಿದು ನಿಂತರು. ಗೌರೀಶರೂ ಈಜು ಕಲಿಸುವ ಶೈಲಜಾ ಟೀಚರೂ ಪಂಪ್‌ಮನೆಯ ಹಿಂಬಾಗಿಲಿಂದ ಒಳಬಂದರು. ಮಡಿವಾಳೆಪ್ಪ ರಾಜಗಾಂಭೀರ್ಯದಿಂದ ಆಳದ ಕಡೆ ನಡೆದು, ಎಲ್ಲರಿಗೂ ಕಾಣುವಂತೆ ಕೀಲಿಕೈ ಎತ್ತಿ ಹಿಡಿದು, ಈ ಸಲ ದಾರವಿಲ್ಲದೆ, ನೀರಿಗೆ ಬಿಟ್ಟ. ಗುಳುಂ!

"ಏ ಏ! ಇನ್ನೊಂದ್ ಕೀಲಿಕೈ ಎಲ್ಲೈತಿ?" ಗೌರೀಶರು ಕೂಗಿದರು.

"ಅದನ್ನ ಹೋದ ವರ್ಷ ನೀವ ಕಳದೀರಲ್ರಿ. ಇದು ಇಲ್ಲೇ ಐತಿ. ಕಂಡ್ರ ತೋರಸ್ರಿ, ತಗದಕೊಡ್ತೇನಿ."

ಗೌರೀಶರು ಬಗ್ಗಿದರು. ಕನ್ನಡಕ ತೆಗೆದು ಬಗ್ಗಿದರು, ಹಾಕಿಕೊಂಡು ಬಗ್ಗಿದರು. ಚಹಾ ಚಹಾವಾಗಿಯೇ ಉಳಿಯಿತು. ಶೈಲಜಾ ಟೀಚರೂ ಬಗ್ಗಿ ನೋಡಿ ಮುಖ ಗಂಟಿಕ್ಕಿದರು.

"ಸರ್, ಮಾರುದ್ದ ಕೆಳಗ ಏನೂ ಕಾಣವಲ್ದು. ಒಂದ್ ಕೂಸನ್ನೂ ನಾ ಇದರಾಗ ಇಳಸಂಗಿಲ್ಲ."

ಗೇಟಿನಾಚೆಯಿಂದ ಒಬ್ಬ ತಾಯಿ ಕೂಗಿದಳು: "ಬರೋಬ್ಬರಿ ಹೇಳಿದ್ರಿ ಟೀಚರ! ಮೊದಲ ಆ ಸಾಹೇಬ್ರನ್ನ ಇಳಸ್ರಿ, ಕಾಣಸ್ತಾರೇನ್ ನೋಡೂಣು!"

ನಗೆ ಎದ್ದಿತು. ಸ್ಪರ್ಧೆ ಮುಂದಕ್ಕೆ ಹೋಯಿತು. ಮಲಪ್ರಭೆಯ ಉಸುಕು ಸಕಲ ಮರ್ಯಾದೆಯೊಂದಿಗೆ ಡ್ರಮ್ಮಿನಿಂದ ಹೊರಬಂದು ಕಂಪೌಂಡಿನ ಗೋಡೆ ಸೇರಿತು. ಬಿಳಿ ಹರಳು ಬಂತು. ಮಡಿವಾಳೆಪ್ಪ ನಾಲ್ಕು ದಿನ ನೀರನ್ನು ಉಲ್ಟಾ ಹಾಯಿಸಿದ, ಸುಲ್ಟಾ ಹಾಯಿಸಿದ. ಐದನೆಯ ದಿನ ಬೆಳಿಗ್ಗೆ ತಳದಲ್ಲಿ ಕೀಲಿಕೈ ಹಲ್ಲು ಕಿಸಿದು ನಗುತ್ತಿತ್ತು.

"ಆತಲ್ಲ, ಇನ್ ಗೇಟ್ ತಗೀರಿ," ಎಂದರು ಗೌರೀಶರು.

ಮಡಿವಾಳೆಪ್ಪ ಅಲುಗಲಿಲ್ಲ. ಬೋರ್ಡಿನತ್ತ ಪಾನಾ ಚಾಚಿದ. ಗೌರೀಶರು ನೋಟೀಸು ಕಿತ್ತರೆ ಅಂಟು ಗಟ್ಟಿಯಾಗಿ ಅರ್ಧವೇ ಹರಿದು ಬಂತು. "ಮಡಿವಾಳೆಪ್ಪನವರ ನಿರ್ಲಕ್ಷ್ಯ" ಅಲ್ಲೇ ಉಳಿಯಿತು.

ಮಡಿವಾಳೆಪ್ಪ ಒಂದು ಬಕೆಟ್ಟು, ಒಂದು ಅರಿವೆ ತಂದು ಅವರ ಮುಂದಿಟ್ಟ.

"ನೀರು ತೊಳ್ಯೂದು ನನ್ನ ಕೆಲಸರಿ, ಮಾಡೇನಿ. ಇದು ನಿಮ್ಮದು. ಹಲಗಿ ಕಾಣೂತನಕ ಒರಸ್ರಿ."