ಚರಂಡಿಯಿಲ್ಲದ ಜಾಗಕ್ಕೆ ಹೊರಟ ಸೇತುವೆ

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತಂತೆ. ಊರು ಮಾತ್ರ ಕರೆಯುತ್ತಿದ್ದುದು ಕಹಳೆ ಎಂದೇ. ಮೂರು ಗಾಲಿಯ ಗಾಡಿಯ ನೆತ್ತಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಕೂಗುವುದು ಅವನ ಕಸುಬು. ಬಟ್ಟೆಯಂಗಡಿಯ ರಿಯಾಯಿತಿ, ಬಂದಿಳಿದ ಸರ್ಕಸ್ಸು, ತಪ್ಪಿಸಿಕೊಂಡ ಎಮ್ಮೆ, ಹಲ್ಲಿನ ಡಾಕ್ಟರ ಹೊಸ ಕುರ್ಚಿ, ಏನೇ ಇರಲಿ, ಕೂಗಿಗೊಂದು ಬಾಲ ಇರಲೇಬೇಕು: ನೀಡುತ್ತಿರುವವರು ಇಂಥವರು, ಸಿಗುವ ಸ್ಥಳ ಇಂಥದ್ದು. ಬಾಲ ಬಿಟ್ಟು ಕೂಗಿದರೆ ಸೀನು ಅರ್ಧಕ್ಕೆ ನಿಂತವನ ಹಾಗೆ ಒದ್ದಾಡುತ್ತಿದ್ದ. ಮಗಳನ್ನು ಊಟಕ್ಕೆ ಕರೆಯುವಾಗಲೂ “ನೀಡುತ್ತಿರುವವರು ನಿಮ್ಮ ತಾಯಿ, ಸಿಗುವ ಸ್ಥಳ ಅಡುಗೆಮನೆ” ಎಂದುಬಿಡುತ್ತಿದ್ದ ಪುಣ್ಯಾತ್ಮ.

ಇಂಥವನ ಒಂಟಿ ಕೋಣೆಯ ಮನೆಗೆ ಅವನ ಅತ್ತೆ ಬಂದರು. ಮಗಳ ಮುಖ ನೋಡಿ ಸಂಜೆಗೇ ವಾಪಸಾಗುವವರು, ಒಂದು ಕೈಚೀಲ ಅಷ್ಟೇ. ಆದರೆ ಬೀದಿಯ ಬಾಯಿಗೆ ಅಡ್ಡವಾಗಿ ಒಂದು ಚರಂಡಿ, ಚರಂಡಿಗೆ ಅಡ್ಡವಾಗಿ ಒಂದು ಹಲಗೆ. ಅತ್ತೆಯದು ತುಂಬಿದ ಮೈ. ಹಲಗೆ ಲಟಕ್ಕೆಂದಿತು. ಸೊಂಟದವರೆಗೆ ಇಳಿದುಹೋದವರನ್ನು ಬೀದಿಯವರೆಲ್ಲ ಸೇರಿ ಮನೆಯ ಕಡೆಯ ದಡಕ್ಕೆ ಎಳೆದು ಹಾಕಿದರು. ಮೈ ತೊಳೆದುಕೊಂಡು ಬಂದು ಕೂತವರೇ ಅತ್ತೆ ಘೋಷಿಸಿದರು: “ಸೇತುವೆ ಆಗೋವರೆಗೂ ನಾನು ಆ ಚರಂಡಿ ದಾಟಲ್ಲ.”

ಹೊಸ ಹಲಗೆ ಬಂತು. ಅತ್ತೆ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೀದಿಯ ಇನ್ನೊಂದು ತುದಿಯಲ್ಲಿ ಸಿಮೆಂಟ್ ಗೋದಾಮಿನ ಹಿಂಬಾಗಿಲಿತ್ತು ನಿಜ, ಆದರೆ ಅದರೊಳಗಿಂದ ನರಪಿಳ್ಳೆಯನ್ನೂ ಬಿಡುತ್ತಿರಲಿಲ್ಲ. ಹೀಗಾಗಿ ತಾಯಿ ಮಗಳು ಮೊಮ್ಮಗಳು ಕೋಣೆಯಲ್ಲಿ, ಕಹಳೆ ಚರಂಡಿಯಾಚೆ ನಿಲ್ಲಿಸಿದ ಗಾಡಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಮಲಗುವಂತಾಯಿತು.

“ರೀ, ಏನಾದ್ರೂ ಮಾಡ್ರೀ,” ಎಂದಳು ಹೆಂಡತಿ. “ಅಮ್ಮ ನನ್ನ ಪಾತ್ರೆಗಳ ಜಾಗನೆಲ್ಲ ಬದಲಾಯಿಸ್ತಿದಾರೆ.”

ಅಷ್ಟರಲ್ಲಿ ಚುನಾವಣೆ ಬಂತು. ಅಭ್ಯರ್ಥಿಯೊಬ್ಬರು ಕಹಳೆಯನ್ನೇ ಪ್ರಚಾರಕ್ಕೆ ಗೊತ್ತುಮಾಡಿದರು. ಒಳ್ಳೆಯ ಮನುಷ್ಯ, ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

“ಸರ್, ನಮ್ಮ ಬೀದಿಗೊಂದು ಸೇತುವೆ...”

“ಆಯ್ತಪ್ಪ, ಸೇರಿಸ್ಕೋ.”

ಕಹಳೆ ಆ ದಿನ ಹಿಗ್ಗಿ ಹೀರೇಕಾಯಿಯಾದ. ಮಾರನೆಯ ದಿನ ಕಚೇರಿಗೆ ಹೋದರೆ, ಅಭ್ಯರ್ಥಿ ಸ್ಟೂಲಿನ ಮೇಲೆ, ಅಭ್ಯರ್ಥಿಯ ಕುರ್ಚಿಯ ಮೇಲೆ ಸಿಮೆಂಟ್ ಗೋದಾಮಿನ ಯಜಮಾನರು. ಆ ಕುರ್ಚಿ, ಹೊರಗಿನ ಜೀಪು, ಬಾವುಟ, ಅಭ್ಯರ್ಥಿಯ ಕಾಲಲ್ಲಿದ್ದ ಹೊಸ ಚಪ್ಪಲಿ, ಎಲ್ಲವೂ ಅವರದೇ ಕೃಪೆ.

“ಸೇತುವೆ ಅಂದ್ರಲ್ಲ, ಒಳ್ಳೇದು. ಅದು ನನ್ನ ಗೋದಾಮಿನ ದೊಡ್ಡ ಗೇಟಿನ ಮುಂದೆ ಬರ್ಲಿ. ಒಂದು ಗತ್ತಿರತ್ತೆ. ಸಿಮೆಂಟೂ ಅಲ್ಲೇ ಸಿಗತ್ತೆ, ಸರ್ಕಾರ ತಗೊಂಡ್ರಾಯ್ತು.”

ಕಹಳೆ ತಡೆಯಲಾರದೆ ಕೇಳಿದ. “ಯಜಮಾನ್ರೆ, ಅಲ್ಲಿ ಚರಂಡಿನೇ ಇಲ್ವಲ್ಲ?”

“ತೋಡಿಸೋಣ.”

ಅಭ್ಯರ್ಥಿ ತಲೆಯಾಡಿಸಿದರು. “ನೋಡಿದ್ಯಾ, ಇದ್ದದ್ದು ಒಂದು ಭರವಸೆ. ಯಜಮಾನ್ರು ಬಾಯಿ ಹಾಕಿದ್ದೇ ಎರಡಾಯ್ತು!”

ಕಹಳೆಯ ಆಸೆ ಬೂದಿಯಾಯಿತು. ಆದರೂ ಕೂಲಿಗೆ ಬಂದವನು, ಕೂಗಬೇಕು. ಬೀದಿ ಬೀದಿ ಸುತ್ತಿ ತನ್ನದೇ ಚರಂಡಿಯ ದಡಕ್ಕೆ ಬಂದ. ಆಚೆ ಹೊಸ್ತಿಲಲ್ಲಿ ಅತ್ತೆ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರತ್ತ ನೋಡದಿರಲು ಕಣ್ಣು ಮುಚ್ಚಿಕೊಂಡೇ ಶುರುಮಾಡಿದ. “ಮಹಾಜನಗಳೇ! ನಮ್ಮ ಅಭ್ಯರ್ಥಿ ಗೆದ್ದರೆ ಸಿಮೆಂಟ್ ಗೋದಾಮಿನ ಮುಂದೆ ಹೊಚ್ಚ ಹೊಸ ಚರಂಡಿ! ಅದರ ಮೇಲೆ ಹೊಚ್ಚ ಹೊಸ ಸೇತುವೆ!”

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕಣ್ಣು ಮುಚ್ಚಿದವನ ನಾಲಗೆಗೆ ಕಾವಲು ಯಾರು? ಅದು ತನ್ನ ಪಾಡಿಗೆ ತಾನು ಬಾಲ ಬಿಚ್ಚಿತು. “ಈ ಭರವಸೆಯನ್ನು ನೀಡುತ್ತಿರುವವರು, ಸಿಮೆಂಟ್ ಗೋದಾಮಿನ ಯಜಮಾನರು! ಸಿಗುವ ಸ್ಥಳ, ಬೀದಿ ಕೊನೆಯ ಹಿಂಬಾಗಿಲು! ಒಮ್ಮೆ ಭೇಟಿ ಕೊಡಿ!”

ಅತ್ತೆಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

“ಅಳಿಯಂದ್ರೇ! ಹಾಗಾದ್ರೆ ಅಂಗಡಿ ಯಜಮಾನ ಬೇರೆ, ಮಾರೋ ಹುಡುಗ ಬೇರೆ ಅನ್ನಿ! ನಾವು ಇಷ್ಟು ವರ್ಷ ಮಾರೋ ಹುಡುಗನ ಹತ್ರ ಚೌಕಾಸಿ ಮಾಡ್ಕೊಂಡು ಕೂತಿದ್ವಲ್ಲೇ!” ಕೊನೆಯ ಮಾತು ಪಕ್ಕದ ಮನೆಯಾಕೆಗೆ.

ಅತ್ತೆ ಮಣೆ ಎತ್ತಿಕೊಂಡು ಹಿಂಬಾಗಿಲಿಗೆ ಹೊರಟರು. ಹಿಂದೆ ಬೀದಿ ಹೊರಟಿತು. ಮಾರನೆಯ ದಿನ ಊರೇ ಬಂತು. ಮುದಿ ದರ್ಜಿಗೆ ಪಿಂಚಣಿ ಬೇಕು, ಟೀಚರಮ್ಮನಿಗೆ ಶಾಲೆಯ ಸೂರು ಸೋರುವುದು ನಿಲ್ಲಬೇಕು, ಒಬ್ಬನಿಗಂತೂ ಪಕ್ಕದ ಮನೆಯ ಹುಂಜ ಸ್ವಲ್ಪ ತಡವಾಗಿ ಕೂಗಬೇಕು.

ತಮ್ಮ ಹೆಸರು ಊರೆಲ್ಲ ಮೊಳಗಿತೆಂದು ಬೆಳಗ್ಗೆ ಮೀಸೆ ತಿರುವಿದ್ದ ಯಜಮಾನರು ಮಧ್ಯಾಹ್ನಕ್ಕೆ ಕೈಮುಗಿದರು. “ಅಭ್ಯರ್ಥಿ ಹತ್ರ ಹೋಗ್ರಪ್ಪ!”

“ಹೋಗಿದ್ವಿ ಸ್ವಾಮಿ,” ಎಂದ ದರ್ಜಿ. “ಅವ್ರು ‘ಯಜಮಾನ್ರನ್ನ ಕೇಳಿ ಹೇಳ್ತೀನಿ’ ಅಂದ್ರು.”

ಉಳಿದವರು ಬೇಸತ್ತು ಕರಗಿದರೂ ಅತ್ತೆ ಕರಗುವ ಪೈಕಿಯಲ್ಲ. ದಿನಾ ಬಂದು ಬಾಗಿಲಿಗೆ ಅಡ್ಡ ಮಣೆ ಹಾಕುವುದು, ಸೊಪ್ಪು ಬಿಡಿಸುವುದು, ಹೋಗಿಬರುವ ಗುಮಾಸ್ತರಿಗೆಲ್ಲ ತಾವು ಚರಂಡಿಗೆ ಬಿದ್ದ ಕಥೆ ಮೊದಲಿಂದ ಹೇಳುವುದು. ಗುಮಾಸ್ತರಿಗೆ ಅದು ಬಾಯಿಪಾಠವಾಯಿತು. ಅಭ್ಯರ್ಥಿ ಗೆದ್ದ ದಿನವೇ ಯಜಮಾನರು ಅವರ ಕೈಹಿಡಿದು ಅಲವತ್ತುಕೊಂಡರು. “ಮೊದಲು ಆಯಮ್ಮನ ಸೇತುವೆ ಕಟ್ಟಿಸಿ ಮಾರಾಯ್ರೇ!” ಎದ್ದು ಹೊರಟವರಿಗೆ ಬಾಗಿಲ ಬಳಿ ಏನೋ ಹೊಳೆಯಿತು. “ಹೇಗೂ ಕಟ್ಟಿಸ್ತೀರಲ್ಲ, ಸ್ವಲ್ಪ ಅಗಲವಾಗೇ ಇರ್ಲಿ.”

ಗೆದ್ದವರು ತಲೆಯಾಡಿಸಿದರು.

ಸೇತುವೆ ಆಯಿತು. ಅಬ್ಬಾ, ಅದೆಂಥ ಸೇತುವೆ! ಮನೆಗಿಂತ ಅಗಲ. ಕಹಳೆ ಸಂಭ್ರಮದಿಂದ ಅತ್ತೆಯ ಕೈಚೀಲವನ್ನು ತಾನೇ ಹೊತ್ತುಕೊಂಡು ಮುಂದೆ ನಡೆದ. ಹೆಂಡತಿ ಒಳಗೆ ಪಾತ್ರೆಗಳನ್ನು ಹಳೆಯ ಜಾಗಕ್ಕೆ ಜೋಡಿಸುತ್ತಿದ್ದಳು. ಅತ್ತೆ ಸೇತುವೆಯ ನಡುಮಧ್ಯ ತಲುಪಿದ್ದರು, ಅಷ್ಟರಲ್ಲಿ ಹಿಂದಿನಿಂದ ಭೋಂ ಎಂದು ಹಾರನ್ನು. ಗೋದಾಮಿನ ಹಿಂಬಾಗಿಲು ಹಾರು ಹೊಡೆದಿತ್ತು. ಒಂದರ ಬೆನ್ನಿಗೊಂದು ಸಿಮೆಂಟು ಲಾರಿ, ಕಿಟಕಿಗಳನ್ನು ಸವರಿಕೊಂಡು, ಒಣಹಾಕಿದ ಬಟ್ಟೆಗೆಲ್ಲ ಬೂದಿ ಬಣ್ಣ ಬಳಿಯುತ್ತ, ಬೀದಿಯೊಳಗಿಂದಲೇ ಬರುತ್ತಿದ್ದವು.

“ಅಜ್ಜೀ, ದಾರಿ ಬಿಡಿ! ಯಜಮಾನ್ರ ಸೇತುವೆ!” ಎಂದ ಡ್ರೈವರು.

ಅತ್ತೆ ನಿಂತರು. ಲಾರಿಯನ್ನು ಮೇಲಿಂದ ಕೆಳಗೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ಕೂತರು.

“ಅಳಿಯಂದ್ರೇ, ಚೀಲ ಒಳಗಿಡಿ. ಈ ಲಾರಿಗಳು ನಿಲ್ಲೋವರೆಗೂ ನಾನೆಲ್ಲಿಗೂ ಹೋಗಲ್ಲ.”

ಕಹಳೆ ಲಾರಿಗಳ ಸಾಲು ನೋಡಿದ, ಅದರ ತುದಿ ಕಾಣಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಮಣೆ ತರಲು ಒಳಗೆ ಹೋದ.